ದ್ವೀಪ ದೇಶಗಳ ಥರ್ಮಾಕೋಲ್ ಡಬ್ಬಿ ನಿಷೇಧ: ನಮ್ಮ ಹಾಳೆ ತಟ್ಟೆಗೆ ಅಲ್ಲಿ ಜಾಗ ಇದೆಯಾ?

ಹಾಳೆತಟ್ಟೆ (ಭಾನುವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಪುತ್ತೂರು ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ ಇದೆ. ಮೂರು ಮಷೀನು, ಐದು ಜನ ಕೆಲಸದವರು, ಜೊತೆಗೆ ನಾನು, ನನ್ನ ಹೆಂಡತಿ. ಇಷ್ಟು ವರ್ಷ ನಮ್ಮ ಮಾಲು ಏಜೆಂಟರ ಕೈಯಿಂದ ಹೆಚ್ಚಾಗಿ ಅಮೆರಿಕಕ್ಕೆ ಹೋಗುತ್ತಿತ್ತು. 2025ರಲ್ಲಿ ಅಲ್ಲಿನ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಬೇಡ ಎಂದಿತು. ಅಲ್ಲಿಗೆ ಆರ್ಡರ್ ಬಂದ್. ಮಾಲು ಗೋದಾಮಿನಲ್ಲಿ ಹಾಗೇ ಕೂತಿದೆ.

ಹೋದ ವಾರ ಜಮೈಕಾದ ಒಬ್ಬ ವ್ಯಾಪಾರಿಯಿಂದ ಇಮೇಲ್ ಬಂತು. ಅವರ ದೇಶದಲ್ಲಿ ಥರ್ಮಾಕೋಲ್ ಊಟದ ಡಬ್ಬಿ ನಿಷೇಧವಂತೆ. ಮೂರು ಖಾನೆ, ಮೇಲೆ ಮುಚ್ಚಳ ಇರುವ ಡಬ್ಬಿ ಹಾಳೆಯಲ್ಲಿ ಮಾಡಿಕೊಡುತ್ತೀರಾ ಎಂದು ಕೇಳಿದ್ದಾರೆ. ಹುಡುಕಿ ನೋಡಿದರೆ ಜಮೈಕಾ ಒಂದೇ ಅಲ್ಲ. ಸೀಶೆಲ್ಸ್, ಮಾರಿಷಸ್, ಫಿಜಿ, ಬಾರ್ಬಡೋಸ್, ಗ್ರೆನಡಾ, ಹೀಗೆ ಸಾಲು ಸಾಲು ದ್ವೀಪ ದೇಶಗಳು ಈ ಡಬ್ಬಿಯನ್ನು ಹೊರಗೆ ಹಾಕಿವೆ.

ನನ್ನ ಪ್ರಶ್ನೆ ಇಷ್ಟೇ. ಈ ನಿಷೇಧ ನಿಜಕ್ಕೂ ನಡೆಯುತ್ತಿದೆಯಾ, ಇಲ್ಲಾ ನಮ್ಮ ಹಾಗೆ ಕಾಗದದ ಮೇಲಾ? ನಮ್ಮ ರಾಜ್ಯದಲ್ಲಿ 2016ರಲ್ಲೇ ಥರ್ಮಾಕೋಲ್ ತಟ್ಟೆ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಆಯಿತು. ಮೊನ್ನೆ ಜಾತ್ರೆಯಲ್ಲಿ ಚರುಮುರಿ ತಿಂದದ್ದು ಯಾವುದರಲ್ಲಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಇರುವವರು ಯಾರಾದರೂ ಇದ್ದರೆ ತಿಳಿಸಿ. ಹೊಸ ಅಚ್ಚಿಗೆ ಸಾಲ ಮಾಡಬೇಕು, ಅದಕ್ಕೇ ಕೇಳುತ್ತಿದ್ದೇನೆ.

ತರಲೆತಿಮ್ಮ (ಭಾನುವಾರ, ರಾತ್ರಿ 9:40)

ಅಣ್ಣಾ, ಸಾಲ ಮಾಡಬೇಡಿ. ಹಿಂದೂ ಮಹಾಸಾಗರದಲ್ಲಿ ಅಲ್ಡಾಬ್ರಾ ಅಂತ ಒಂದು ದ್ವೀಪ ಇದೆ. ಸೀಶೆಲ್ಸ್‌ಗೆ ಸೇರಿದ್ದು, ದೈತ್ಯ ಆಮೆಗಳ ಊರು. ಅಲ್ಲಿ ಒಂದು ಸಂಶೋಧನಾ ಕೇಂದ್ರ ಬಿಟ್ಟರೆ ಜನವಸತಿಯೇ ಇಲ್ಲ. ಆದರೂ 2019ರಲ್ಲಿ ಹೋಗಿ ಗುಡಿಸಿದಾಗ 25 ಟನ್ ಕಸ ಸಿಕ್ಕಿತು. ಇನ್ನೂ 500 ಟನ್‌ಗಿಂತ ಜಾಸ್ತಿ ಉಳಿದಿದೆ ಅಂತ ಅಂದಾಜು. ತೂಕದಲ್ಲಿ ನೋಡಿದರೆ ಹೆಚ್ಚಿನದು ಮೀನು ಹಿಡಿಯುವ ಬಲೆ, ಹಗ್ಗ. ಆಮೇಲಿನ ಸ್ಥಾನ ಹವಾಯಿ ಚಪ್ಪಲಿಗೆ. ಯಾರೋ ಎಲ್ಲೋ ಎಸೆದದ್ದು. ಸೀಶೆಲ್ಸ್ 2017ರಲ್ಲೇ ಥರ್ಮಾಕೋಲ್ ಡಬ್ಬಿ ನಿಲ್ಲಿಸಿತು, ಸಂತೋಷ. ಅದರಿಂದ ಆ ಆಮೆಗೆ ಬಂದ ಲಾಭ ಏನು?

ಪಾಲಿಮರ್ ಮೇಷ್ಟ್ರು (ಭಾನುವಾರ, ರಾತ್ರಿ 10:25)

ತಿಮ್ಮಣ್ಣ, ಹೇಳಿದ್ದು ಸರಿ, ತೀರ್ಮಾನ ತಪ್ಪು. ಅಲೆ ತರುವ ಕಸ ಬೇರೆ, ಊರಿನ ಚರಂಡಿಯಿಂದ ಹೋಗುವ ಕಸ ಬೇರೆ. ಮೊದಲನೆಯದಕ್ಕೆ ಜಗತ್ತೆಲ್ಲ ಒಪ್ಪಬೇಕು. ಎರಡನೆಯದನ್ನು ಆ ದೇಶವೇ ನಿಲ್ಲಿಸಬಹುದು. ಡಬ್ಬಿ ಬರುವುದು ಎರಡನೆಯದರಲ್ಲಿ.

ವಸ್ತುವಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಮೂವತ್ತು ವರ್ಷ ಇದನ್ನೇ ಪಾಠ ಮಾಡಿದವನು. ನಾವು ಎಲ್ಲವನ್ನೂ ಥರ್ಮಾಕೋಲ್ ಅನ್ನುತ್ತೇವೆ, ಅಮೆರಿಕದವರು ಎಲ್ಲವನ್ನೂ ಸ್ಟೈರೋಫೋಮ್ ಅನ್ನುತ್ತಾರೆ. ಎರಡೂ ಕಂಪನಿಗಳು ಇಟ್ಟ ಬ್ರ್ಯಾಂಡ್ ಹೆಸರು. ವಸ್ತು ಪಾಲಿಸ್ಟೈರೀನ್. ಟಿವಿ ಪೆಟ್ಟಿಗೆಯೊಳಗೆ ಬರುವುದು ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ ಅಂಟಿಸಿದ್ದು. ಊಟದ ಡಬ್ಬಿ ಸಾಮಾನ್ಯವಾಗಿ ಕರಗಿದ ಪ್ಲಾಸ್ಟಿಕ್‌ಗೆ ಅನಿಲ ತುಂಬಿ ಶೀಟಿನಂತೆ ಎಳೆದು, ಅಚ್ಚಿನಲ್ಲಿ ಒತ್ತಿದ್ದು. ಎರಡರಲ್ಲೂ ಇರುವುದು ಬಹುಪಾಲು ಗಾಳಿಯೇ.

ದ್ವೀಪಕ್ಕೆ ಪೆಟ್ಟು ಕೊಡುವುದು ಆ ಗಾಳಿಯೇ. ಗಟ್ಟಿ ಪಾಲಿಸ್ಟೈರೀನ್ ಸಮುದ್ರದ ನೀರಿಗಿಂತ ಒಂದು ಚೂರು ಭಾರ, ಮುಳುಗುತ್ತದೆ. ಉಬ್ಬಿಸಿದ್ದು ತೇಲುತ್ತದೆ, ಗಾಳಿಗೆ ಹಾರುತ್ತದೆ, ಬಿಸಿಲಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಆ ಪುಡಿಯನ್ನು ಮೀನು, ಹಕ್ಕಿ, ಆಮೆ ತಿನ್ನುತ್ತವೆ. ಮರುಬಳಕೆ ಮಾಡಿ ಅನ್ನಬಹುದು. ಎಣ್ಣೆ, ಸಾರು ಮೆತ್ತಿದ ಡಬ್ಬಿಯನ್ನು ತೊಳೆಯಬೇಕು, ಹಡಗಿನಲ್ಲಿ ಬೇರೆ ದೇಶಕ್ಕೆ ಸಾಗಿಸಬೇಕು. ಕಂಟೇನರ್ ತುಂಬ ಗಾಳಿ ತುಂಬಿ ಕಳಿಸಿದ ಹಾಗೆ. ಬಾಡಿಗೆ ಕೊಡುವವರು ಯಾರು? ಹೂಳೋಣ ಅಂದರೆ ಜಾಗ ಎಲ್ಲಿದೆ?

ಕಿಂಗ್‌ಸ್ಟನ್ ಕಮಲ (ಸೋಮವಾರ, ಬೆಳಗಿನ ಜಾವ 4:50)

ಜಮೈಕಾ ಅಂತ ನೋಡಿ ಓಡಿಬಂದೆ! ನಾನು ಇಲ್ಲಿ ನರ್ಸ್. 2018ರಲ್ಲಿ ಬಂದೆ, ಹಾಗಾಗಿ ಡಬ್ಬಿಯ ಹಿಂದಿನ ಕಾಲ, ಮುಂದಿನ ಕಾಲ ಎರಡನ್ನೂ ನೋಡಿದ್ದೇನೆ.

ಮೊದಲು ಇಲ್ಲಿನ ಊಟ ಹೇಗೆ ಅಂತ ತಿಳಿಯಬೇಕು, ಆಗ ಡಬ್ಬಿ ಅರ್ಥ ಆಗುತ್ತದೆ. ಮಧ್ಯಾಹ್ನ ಯಾರೂ ಕೂತು ಉಣ್ಣುವುದಿಲ್ಲ. 'ಬಾಕ್ಸ್ ಲಂಚ್' ಅಂತಾರೆ. ಸಣ್ಣ ಕುಕ್‌ಶಾಪ್‌ಗೆ ಹೋದರೆ ತೆಂಗಿನ ಹಾಲಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ, ಅದರ ಮೇಲೆ ಕೋಳಿ ಅಥವಾ ಆಡಿನ ಕರಿ, ಪಕ್ಕಕ್ಕೆ ಎಲೆಕೋಸು. ಆಡಿನ ಕರಿ ತಂದವರು ನಮ್ಮವರೇ, 1845ರಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಬಂದ ಭಾರತೀಯರು. ಎಲ್ಲ ಬಿಸಿ ಬಿಸಿ, ಎಲ್ಲದರ ಮೇಲೂ ಗ್ರೇವಿ. ಅದನ್ನು ಥರ್ಮಾಕೋಲ್ ಡಬ್ಬಿಗೆ ಹಾಕಿ ಟಪ್ ಅಂತ ಮುಚ್ಚಿ ಕೊಡುತ್ತಿದ್ದರು. ಬಿಸಿ ಆರದು, ಕೈ ಸುಡದು, ಸೋರದು, ಬೆಲೆ ಪುಕ್ಕಟೆ ಅನ್ನುವಷ್ಟು ಕಡಿಮೆ. ಅಷ್ಟು ಕೆಲಸ ಮಾಡುವ ಡಬ್ಬಿ ಬಿಡಿಸುವುದು ಸುಲಭ ಅಲ್ಲ.

ಆಮೇಲೆ ಮಳೆ. ಇಲ್ಲಿ 'ಗಲ್ಲಿ' ಅಂದರೆ ಓಣಿ ಅಲ್ಲ, ನಮ್ಮ ಬೆಂಗಳೂರಿನ ರಾಜಕಾಲುವೆ ಥರದ್ದು. ಬೆಟ್ಟದ ಕಡೆಯಿಂದ ಇಳಿದು ಊರೊಳಗೆ ಹಾದು ಸಮುದ್ರಕ್ಕೆ ಹೋಗುತ್ತವೆ. ಹೆಚ್ಚು ದಿನ ಒಣಗಿರುತ್ತವೆ, ಜನ ಕಸ ಹಾಕುತ್ತಾರೆ. ಒಂದು ಜೋರು ಮಳೆ ಬಂತೋ, ಎಲ್ಲ ಡಬ್ಬಿ ಒಟ್ಟಿಗೆ ಕಿಂಗ್‌ಸ್ಟನ್ ಹಾರ್ಬರ್‌ಗೆ. ಜಗತ್ತಿನ ದೊಡ್ಡ ಸಹಜ ಬಂದರುಗಳಲ್ಲಿ ಒಂದು ಅದು. ನಾನು ಬಂದ ವರ್ಷ ದಡದಲ್ಲಿ ನೀರು ಕಾಣುತ್ತಿರಲಿಲ್ಲ, ಬಿಳಿ ಬಿಳಿ ಚೂರು.

ನಿಷೇಧ ಹಂತ ಹಂತವಾಗಿ ಬಂತು. 2019ರ ಜನವರಿ 1ಕ್ಕೆ ತೆಳು ಚೀಲ, ಸ್ಟ್ರಾ, ಜೊತೆಗೆ ಥರ್ಮಾಕೋಲ್ ಡಬ್ಬಿಯ ಆಮದು ನಿಂತಿತು. ಇಲ್ಲೇ ತಯಾರಿಸುತ್ತಿದ್ದವರಿಗೆ ಒಂದು ವರ್ಷ ಹೆಚ್ಚಿಗೆ ಕೊಟ್ಟು, 2020ರ ಜನವರಿ 1ಕ್ಕೆ ಅದನ್ನೂ ನಿಲ್ಲಿಸಿದರು. ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ನಡೆಯಿತು. ನಾನು ಹೋಗುವ ಅಂಗಡಿಗಳಲ್ಲಿ ಆ ಬಿಳಿ ಡಬ್ಬಿ ಕಾಣುವುದಿಲ್ಲ.

ಆದರೆ ಅದರ ಜಾಗಕ್ಕೆ ಏನು ಬಂತು? ಮೊದಲ ದಿನಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿ! ಕಾನೂನಿನಲ್ಲಿ ಥರ್ಮಾಕೋಲ್ ಅಂತ ಮಾತ್ರ ಬರೆದಿತ್ತಲ್ಲ. ಅದಕ್ಕೆ 2024ರಲ್ಲಿ ಆ ಡಬ್ಬಿಯನ್ನೂ ನಿಷೇಧಕ್ಕೆ ಸೇರಿಸಬೇಕಾಯಿತು. ಈಗ ರಟ್ಟಿನದು, ಕಬ್ಬಿನ ಸಿಪ್ಪೆಯದು ಜಾಸ್ತಿ. ಕೆಲವು ಅಂಗಡಿಯವರು ಡಬ್ಬಿಗೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ, ಅದಕ್ಕೆ ದಿನಾ ಜಗಳ. ಹಾರ್ಬರ್ ಪೂರ್ತಿ ಸರಿಹೋಯಿತು ಅಂತ ಅಲ್ಲ. ನೀರಿನ ಬಾಟಲಿಗಳು ಇನ್ನೂ ಬರುತ್ತವೆ. 2022ರಲ್ಲಿ ಗಲ್ಲಿಗಳ ಬಾಯಲ್ಲಿ ಕಸ ತಡೆಯುವ ತೇಲುಬೇಲಿ ಹಾಕುವ ಕೆಲಸವೂ ಶುರುವಾಯಿತು.

ಡ್ಯೂಟಿಗೆ ಹೊತ್ತಾಯಿತು, ಮತ್ತೆ ಬರುತ್ತೇನೆ.

ಬಂದರುಮನೆ (ಸೋಮವಾರ, ಬೆಳಿಗ್ಗೆ 10:30)

ನಾನು ಮಂಗಳೂರಿನಲ್ಲಿ ಮಾಲಿನ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುವವನು. ಕಮಲಕ್ಕ ಹೇಳಿದ್ದರಲ್ಲಿ ನನಗೆ ಕಂಡದ್ದು 'ಆಮದು' ಅನ್ನುವ ಪದ. ದ್ವೀಪಕ್ಕೆ ಒಂದು ಅನುಕೂಲ ಇದೆ. ಎಲ್ಲ ಮಾಲೂ ಒಂದೋ ಎರಡೋ ಬಂದರಿನಿಂದಲೇ ಒಳಗೆ ಬರಬೇಕು. ಸಾವಿರ ಅಂಗಡಿ ಮೇಲೆ ದಾಳಿ ಮಾಡುವ ಬದಲು ಕಸ್ಟಮ್ಸ್‌ನಲ್ಲಿ ಹಿಡಿದರೆ ಸಾಕು. ನಮ್ಮಲ್ಲಿ ಗಲ್ಲಿಗಲ್ಲಿಯಲ್ಲಿ (ನಮ್ಮ ಅರ್ಥದ ಗಲ್ಲಿ) ತಯಾರಾಗುತ್ತದೆ, ಯಾರನ್ನು ಹಿಡಿಯುತ್ತೀರಿ?

ಇದು ಎಲ್ಲಿ ಕೈಕೊಟ್ಟಿತು ಅಂದರೆ ಹೈಟಿಯಲ್ಲಿ. ಅವರು ಜಮೈಕಾ, ಸೀಶೆಲ್ಸ್‌ಗಿಂತ ಮೊದಲೇ, 2012ರ ಅಕ್ಟೋಬರ್ 1ರಿಂದ, ಕಪ್ಪು ಪ್ಲಾಸ್ಟಿಕ್ ಚೀಲ ಮತ್ತು ಥರ್ಮಾಕೋಲ್ ಡಬ್ಬಿ ನಿಷೇಧಿಸಿದರು. 2013ರಲ್ಲಿ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತು. ಯಾಕೆ? ಹೈಟಿ ಪೂರ್ತಿ ದ್ವೀಪ ಅಲ್ಲ. ಒಂದು ದ್ವೀಪದ ಒಂದು ಭಾಗ. ಇನ್ನೊಂದು ಕಡೆ ಡೊಮಿನಿಕನ್ ರಿಪಬ್ಲಿಕ್. ಅಲ್ಲಿ ಡಬ್ಬಿ ತಯಾರಾಗುತ್ತದೆ, ಗಡಿಯ ದಹಬೋನ್ ಸಂತೆ ವಾರಕ್ಕೆ ಎರಡು ದಿನ ನಡೆಯುತ್ತದೆ. ಹೊತ್ತುಕೊಂಡು ಬರುವವರನ್ನು ತಡೆಯುವುದು ಹೇಗೆ? ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಚರಂಡಿಗಳು ಕಟ್ಟಿಕೊಂಡೇ ಇದ್ದವು.

ಇನ್ನೊಂದು ಮಾತು, ಹಾಳೆಯವರಿಗೆ. ಪೆಸಿಫಿಕ್ ಕಡೆ ಕಣ್ಣು ಹಾಕುವುದಾದರೆ ಹುಷಾರು. ಫಿಜಿಯಲ್ಲಿ 2021ರ ಜನವರಿಯಿಂದ ಪಾಲಿಸ್ಟೈರೀನ್ ನಿಷೇಧ ಇದೆ, ಮಾರುಕಟ್ಟೆ ಇದೆ, ಸರಿ. ಆದರೆ ಆ ಭಾಗದಲ್ಲಿ ತೆಂಗಿಗೆ ಬೀಳುವ ರೈನೋ ಕೀಟದ ಭಯ ವಿಪರೀತ. ತಾಳೆ ಜಾತಿಯ ಮರದಿಂದ ಬಂದ ಯಾವ ವಸ್ತು ಕಂಡರೂ ಪೆಟ್ಟಿಗೆ ಬಿಚ್ಚಿಸಿ ನೋಡಿಯಾರು. ಹಾಳೆ ಸರಿಯಾಗಿ ಒಣಗದೆ ಒಂದು ಕಡೆ ಬೂಸ್ಟು ಹಿಡಿದಿದ್ದರೂ ಕಂಟೇನರ್ ಪೂರ್ತಿ ವಾಪಸ್. ವಾಪಸ್ ಬರುವ ಬಾಡಿಗೆ ನಿಮ್ಮ ತಲೆಗೆ.

ಸಣ್ಣಮೆಣಸು (ಸೋಮವಾರ, ಮಧ್ಯಾಹ್ನ 3:05)

ಮಾರಿಷಸ್‌ನಿಂದ ನಾನು. ಯಜಮಾನರಿಗೆ ಇಲ್ಲಿ ಐಟಿ ಕೆಲಸ, ನನಗೆ ತಿನ್ನುವ ಕೆಲಸ.

ಇಲ್ಲಿ 2021ರ ಜನವರಿ 15ರಿಂದ ಒಮ್ಮೆ ಬಳಸಿ ಎಸೆಯುವ ಹತ್ತು ಪ್ಲಾಸ್ಟಿಕ್ ವಸ್ತುಗಳು ನಿಷೇಧ. ತಟ್ಟೆ, ಲೋಟ, ಚಮಚ, ಸ್ಟ್ರಾ, ಬಟ್ಟಲು, ಮುಚ್ಚಳ, ಮಡಿಸುವ ಡಬ್ಬಿ, ಹೀಗೆ. ನನಗೆ ಇಷ್ಟವಾದದ್ದು, ವಸ್ತುವಿನ ಹೆಸರು ಹಿಡಿದುಕೊಂಡು ಕೂರಲಿಲ್ಲ, ಬಳಕೆ ಹಿಡಿದರು. ಥರ್ಮಾಕೋಲ್ ಬಿಟ್ಟು ಬೇರೆ ಪ್ಲಾಸ್ಟಿಕ್ ತಂದರೂ ಸಿಕ್ಕಿಬೀಳುತ್ತೀರಿ. ಕಮಲಕ್ಕ ಹೇಳಿದ ಗಟ್ಟಿ ಡಬ್ಬಿಯ ತಾಪತ್ರಯ ಇಲ್ಲಿ ಮೊದಲೇ ತಪ್ಪಿತು.

ಆದರೆ 'ಜೈವಿಕವಾಗಿ ಕೊಳೆಯುವುದು' ಅಂತ ಸೀಲು ಹೊಡೆದದ್ದು ಎಲ್ಲಿ ಕೊಳೆಯುತ್ತದೆ? ಮಾರಿಷಸ್‌ಗೆಲ್ಲ ಇರುವುದು ಒಂದೇ ಕಸದ ಗುಡ್ಡೆ, ಮಾರ್ ಶಿಕೋಸ್ ಅಂತ. ಅದು ತುಂಬಿ ತುಳುಕುತ್ತಿದೆ. ಕೊಳೆಯುವ ಡಬ್ಬಿಯೂ ಕೊನೆಗೆ ಹೋಗುವುದು ಅಲ್ಲಿಗೇ. ಇನ್ನೂ ಒಂದು ಹೊಟ್ಟೆ ಉರಿಯುವ ವಿಷಯ: ದ್ವೀಪದ ತುಂಬ ಕಬ್ಬು. ಸಿಪ್ಪೆಯೆಲ್ಲ ಸುಟ್ಟು ಕರೆಂಟು ಮಾಡುತ್ತಾರೆ, ಅದು ಅವರಿಗೆ ಬೇಕೇ ಬೇಕು. ನಮ್ಮ ಬೀದಿಯ ಅಂಗಡಿಯಲ್ಲಿ ಕೊಡುವ ಕಬ್ಬಿನ ಸಿಪ್ಪೆ ಡಬ್ಬಿಯ ಕೆಳಗೆ ತಿರುಗಿಸಿ ನೋಡಿದೆ. ಚೀನಾದ್ದು!

ಇಲ್ಲಿ ಡಬ್ಬಿಯೇ ಬೇಡದ ತಿಂಡಿ ಒಂದಿದೆ. ದೋಲ್ ಪುರಿ. ಕಡಲೆಬೇಳೆ ಹೂರಣದ ಖಾರದ ಹೋಳಿಗೆ ಅಂತ ಇಟ್ಟುಕೊಳ್ಳಿ. ಎರಡು ದೋಲ್ ಪುರಿ, ನಡುವೆ ಪಲ್ಯ, ಚಟ್ನಿ, ಒಂದು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ರಸ್ತೆಯಲ್ಲಿ ನಿಂತೇ ತಿಂದು ಮುಗಿಸುವುದು. ಮದುವೆ ಮನೆಗೆ ಹೋದರೆ ಬಾಳೆ ಎಲೆ ಮೇಲೆ ಏಳು ಬಗೆಯ ಪಲ್ಯ. ಡಬ್ಬಿ ಬಂದದ್ದೇ ನೂಡಲ್ಸ್, ಫ್ರೈಡ್ ರೈಸ್ ಜೊತೆ. ಅಂದರೆ ಪ್ರಶ್ನೆ ಡಬ್ಬಿ ಯಾವುದರಿಂದ ಮಾಡಿದ್ದು ಅನ್ನುವುದೊಂದೇ ಅಲ್ಲ. ಯಾವ ಊಟಕ್ಕೆ ಡಬ್ಬಿ ಬೇಕೇ ಬೇಕು ಅನ್ನುವುದೂ ಹೌದು, ಅಲ್ವಾ?

ತರಲೆತಿಮ್ಮ (ಸೋಮವಾರ, ಸಂಜೆ 6:20)

ಎಲ್ಲ ಸರಿ. ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ, ಬೈಯಬೇಡಿ. ಅಮೆರಿಕದವರು ಆರೋಗ್ಯಕ್ಕೆ ಸರಿಯಿಲ್ಲ ಅಂದ ತಟ್ಟೆಯನ್ನು ದ್ವೀಪದ ಬಡಪಾಯಿಗಳಿಗೆ ಕಳಿಸುವುದಾ? ಅವರಿಗೆ ಕೇಳುವವರು ಇಲ್ಲ ಅಂತಲಾ?

ಹಾಳೆತಟ್ಟೆ (ಸೋಮವಾರ, ಸಂಜೆ 7:02)

ತಿಮ್ಮಣ್ಣ, ಈ ಮಾತು ಚುಚ್ಚಿತು. ನಮ್ಮ ಮನೆಯಲ್ಲಿ ಹಾಳೆ ಇವತ್ತು ನಿನ್ನೆಯದಲ್ಲ. ಅಜ್ಜನ ತಲೆ ಮೇಲೆ ಹಾಳೆಯ ಟೋಪಿ, ಮುಟ್ಟಾಳೆ, ಇತ್ತು, ಬಚ್ಚಲಲ್ಲಿ ನೀರು ಮೊಗೆಯುವ ಚಿಳ್ಳಿ ಹಾಳೆಯದು. ನಾವು ಮಾಡುವುದು ಏನು? ಬಿದ್ದ ಹಾಳೆ ಹೆಕ್ಕುತ್ತೇವೆ, ತೊಳೆಯುತ್ತೇವೆ, ನೆನೆಸುತ್ತೇವೆ, ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ಒಂದು ತೊಟ್ಟು ರಾಸಾಯನಿಕ ಇಲ್ಲ. ನನ್ನ ಮಕ್ಕಳು ಅದರಲ್ಲೇ ಉಣ್ಣುತ್ತಾರೆ.

ಆದರೂ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ರಾತ್ರಿ ನಿದ್ದೆ ಬಾರದೆ ನನಗೂ ಅದೇ ಯೋಚನೆ. ಮೇಷ್ಟ್ರೇ, ನೀವು ಹೇಳಿ.

ಪಾಲಿಮರ್ ಮೇಷ್ಟ್ರು (ಸೋಮವಾರ, ರಾತ್ರಿ 9:30)

ಎಫ್‌ಡಿಎ ಹೇಳಿದ್ದರ ಸಾರ ಇದು. ಅಡಿಕೆ ಮರದಲ್ಲಿ ಅರೆಕೋಲಿನ್ ಥರದ ಸಹಜ ಪದಾರ್ಥಗಳಿವೆ, ಅವು ತಟ್ಟೆಯಿಂದ ಊಟಕ್ಕೆ ಇಳಿಯಬಹುದು, ಸುರಕ್ಷಿತ ಅಂತ ತೋರಿಸುವ ಆಧಾರ ಸಾಲದು. ಅಡಿಕೆಯನ್ನು ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ, ಹಾಕಿ ಎಷ್ಟೋ ವರ್ಷ ಆಯಿತು. ಹಾಳೆ ಅಡಿಕೆಯಲ್ಲ, ನಿಜ. ಆದರೆ 'ಅಜ್ಜನ ಕಾಲದಿಂದ ಇದೆ' ಅನ್ನುವುದು ಪ್ರಯೋಗಾಲಯದ ವರದಿಯೂ ಅಲ್ಲ. ಬಿಸಿ ಸಾರು, ಹುಳಿ, ಎಣ್ಣೆ ಹಾಕಿ ಎಷ್ಟು ಇಳಿಯುತ್ತದೆ ಅಂತ ಅಳೆಯಬೇಕು. ಅಷ್ಟೇ ದಾರಿ.

ಆದರೆ ಪಕ್ಕದ ಡಬ್ಬಿಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಥರ್ಮಾಕೋಲ್ ಹುಟ್ಟುವ ಸ್ಟೈರೀನ್ 2018ರಿಂದ 'ಬಹುಶಃ ಕ್ಯಾನ್ಸರ್ ತರುವಂಥದ್ದು' ಅನ್ನುವ ಪಟ್ಟಿಯಲ್ಲಿದೆ. ಬಿಸಿ ಮತ್ತು ಜಿಡ್ಡು ಸೇರಿದರೆ ಅದು ಊಟಕ್ಕೆ ಇಳಿಯುವುದು ಹೆಚ್ಚು. ಕಬ್ಬಿನ ಸಿಪ್ಪೆ, ರಟ್ಟಿನ ಡಬ್ಬಿಗೆ ಎಣ್ಣೆ ಹೀರಬಾರದು ಅಂತ ಪಿಎಫ್‌ಎಎಸ್ ಎಂಬ ರಾಸಾಯನಿಕ ಬಳಸುತ್ತಿದ್ದ ಕಂಪನಿಗಳಿವೆ. ಅದು ಮಣ್ಣಿನಲ್ಲಿ ಕರಗುವುದೇ ಇಲ್ಲ. ಅಂಥ ಡಬ್ಬಿ 'ಗೊಬ್ಬರ ಆಗುತ್ತದೆ' ಅಂತ ತೋಟಕ್ಕೆ ಹಾಕಿದರೆ ತೋಟವೇ ಕೆಟ್ಟಿತು. ಪಿಎಲ್‌ಎ, ಅಂದರೆ ಮೆಕ್ಕೆಜೋಳದಂಥವುಗಳಿಂದ ಮಾಡುವ ಪ್ಲಾಸ್ಟಿಕ್, ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಎಷ್ಟು ದ್ವೀಪಗಳಲ್ಲಿ ಅದಿದೆ? ಸಮುದ್ರಕ್ಕೆ ಬಿದ್ದರೆ ಅದೂ ಬೇರೆ ಪ್ಲಾಸ್ಟಿಕ್ಕಿನ ಹಾಗೇ ಕೊಳೆಯದೆ ವರ್ಷಗಟ್ಟಲೆ ಉಳಿಯುತ್ತದೆ.

ನಿಷೇಧ ಬರೆಯುವವರು 'ಏನು ಬೇಡ' ಅಂತ ಒಂದು ಸಾಲು ಬರೆದು 'ಏನು ಬೇಕು' ಅನ್ನುವುದನ್ನು ವ್ಯಾಪಾರಿಗಳಿಗೆ ಬಿಟ್ಟರೆ ಹೀಗಾಗುತ್ತದೆ. ಕೆರಿಬಿಯನ್‌ನ ಆಂಟಿಗಾ ಮತ್ತು ಬಾರ್ಬುಡಾ ದೇಶದವರು ಈ ವಿಷಯದಲ್ಲಿ ಜಾಣರು. 2016ರಲ್ಲಿ ಚೀಲ, 2017ರಿಂದ ಹಂತ ಹಂತವಾಗಿ ಥರ್ಮಾಕೋಲ್. ಜೊತೆಗೇ ಯಾವ ವಸ್ತು ತರಬಹುದು ಅಂತ ಪಟ್ಟಿ ಕೊಟ್ಟು, ಅದರ ಮೇಲಿನ ತೆರಿಗೆ ಬಿಟ್ಟರು.

ಕಡಲಾಚೆ (ಮಂಗಳವಾರ, ಬೆಳಿಗ್ಗೆ 8:15)

ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದಲ್ಲಿ ಮೇಷ್ಟ್ರಾಗಿದ್ದೇನೆ. ಇಲ್ಲಿ 2021ರ ಜೂನ್ 1ರಿಂದ ಥರ್ಮಾಕೋಲ್ ಊಟದ ಡಬ್ಬಿಯ ಆಮದು ಇಲ್ಲ. ಅದೇ ಪಟ್ಟಿಯಲ್ಲಿ ಅಡಿಕೆ ಚೂರು ಕಟ್ಟುವ ಸಣ್ಣ ಪ್ಲಾಸ್ಟಿಕ್ ಪೊಟ್ಟಣವೂ ಇದೆ, ಪುತ್ತೂರಿನವರಿಗೆ ಖುಷಿಯಾದೀತು ಅಂತ ಹೇಳಿದೆ.

ಬಂದರುಮನೆಯವರು ಒಂದೋ ಎರಡೋ ಬಂದರು ಅಂದರು. ಒಳಗೆ ಬರುವ ದಾರಿ ಕಡಿಮೆ, ಹೌದು. ಆದರೆ ಕಸ ಹೊರಗೆ ಹೋಗುವ ದಾರಿ? ಇಲ್ಲಿ ಸುಮಾರು 1,200 ದ್ವೀಪ, ಜನ ಇರುವುದು ಇನ್ನೂರರ ಹತ್ತಿರ. ರಾಜಧಾನಿ ಮಾಲೆಯ ಪಕ್ಕದ ತಿಲಾಫುಶಿ ಮೊದಲು ಬರೀ ಲಗೂನ್, ಅಂದರೆ ಹವಳದ ದಂಡೆಯೊಳಗಿನ ತಗ್ಗು ನೀರು, ಆಗಿತ್ತು. 1992ರಿಂದ ಕಸ ಸುರಿದು ಸುರಿದು ಅದನ್ನೇ ದ್ವೀಪ ಮಾಡಿದ್ದಾರೆ. ದೋಣಿಯಲ್ಲಿ ಕಸ ತುಂಬಿ ಸಾಗಿಸುವಾಗ ಮೇಲೆ ಬಲೆ ಹೊದಿಸದಿದ್ದರೆ ಹಗುರದ ಡಬ್ಬಿಯೇ ಮೊದಲು ಹಾರುವುದು. ಹೀಗಾಗಿ ಕಸವಾದ ಮೇಲೆ ಹಿಡಿಯುವುದು ಇಲ್ಲಿ ಆಗದ ಮಾತು. ಬರದಂತೆ ತಡೆದದ್ದೇ ಒಳ್ಳೆಯದಾಯಿತು.

ನಮ್ಮ ಶಾಲೆಯ ಮಕ್ಕಳು ದಡ ಗುಡಿಸುವಾಗ ಡಬ್ಬಿಗಿಂತ ಬಾಟಲಿ ಜಾಸ್ತಿ ಹೆಕ್ಕುತ್ತಾರೆ. ಆದರೆ ಥರ್ಮಾಕೋಲ್ ಚೂರು ಸಿಕ್ಕಿದರೆ ಅದನ್ನು ಹೆಕ್ಕಲೇ ಆಗುವುದಿಲ್ಲ. ಬಿಳಿ ಹವಳದ ಮರಳಿನಲ್ಲಿ ಬಿಳಿ ಮಣಿ. ಮುಟ್ಟಿದರೆ ಹತ್ತಾಗುತ್ತದೆ.

ಹಡಗಿನ ಗೋಪಿ (ಮಂಗಳವಾರ, ಮಧ್ಯಾಹ್ನ 1:40)

ಕುಂದಾಪುರದವನು, ಹಡಗಿನಲ್ಲಿ ಎಂಜಿನ್ ಕೆಲಸ. ಪೆಸಿಫಿಕ್‌ನ ದ್ವೀಪ ದೇಶ ವನವಾಟುವಿನ ಪೋರ್ಟ್ ವಿಲಾದಲ್ಲಿ ಒಮ್ಮೆ ಇಳಿದಿದ್ದೆ. ಅಲ್ಲಿ 2018ರ ಜುಲೈ 1ರಿಂದ ಚೀಲ, ಸ್ಟ್ರಾ, ಥರ್ಮಾಕೋಲ್ ಡಬ್ಬಿ ಮೂರೂ ಒಟ್ಟಿಗೆ ಬಂದ್. ಮಾರ್ಕೆಟ್ಟಿನಲ್ಲಿ ಹೆಂಗಸರು ಲಾಪ್‌ಲಾಪ್ ಮಾರುತ್ತಾರೆ. ಗೆಡ್ಡೆ ತುರಿದು, ತೆಂಗಿನ ಹಾಲು ಹಾಕಿ, ಎಲೆಯಲ್ಲಿ ಕಟ್ಟಿ ಬಿಸಿ ಕಲ್ಲಿನ ಮೇಲೆ ಬೇಯಿಸಿದ್ದು. ನಮ್ಮ ಪತ್ರೊಡೆ, ಕೊಟ್ಟಿಗೆ ನೆನಪಾಯಿತು. ಬೇಯಿಸಿದ ಎಲೆಯಲ್ಲೇ ಕೊಟ್ಟರು. ಅದಕ್ಕೆ ಡಬ್ಬಿ ಎಂದೂ ಬೇಕಿರಲಿಲ್ಲ. ಹೊಸದೇನೂ ಕಂಡುಹಿಡಿಯಬೇಕಾಗಿರಲಿಲ್ಲ ಅವರು.

ಕಿಂಗ್‌ಸ್ಟನ್ ಕಮಲ (ಮಂಗಳವಾರ, ಸಂಜೆ 5:30)

ಗೋಪಿಯವರೇ, ಎಲೆಯ ಕತೆ ಚೆಂದ. ಆದರೆ ಕಿಂಗ್‌ಸ್ಟನ್‌ನಲ್ಲಿ ಹನ್ನೆರಡೂವರೆಗೆ ಕುಕ್‌ಶಾಪ್ ಮುಂದೆ ನಲವತ್ತು ಜನ ಸಾಲು. ಗ್ರೇವಿ ಸುರಿದ ಅನ್ನವನ್ನು ಎಲೆಯಲ್ಲಿ ಕಟ್ಟಿ ಬಸ್ಸಿಗೆ ಕೊಡುವುದು ಆಗದು.

ನಾನೇನು ಮಾಡಿದೆ ಗೊತ್ತಾ? ಊರಿಂದ ತಂದ ಸ್ಟೀಲ್ ಕ್ಯಾರಿಯರ್ ತೆಗೆದುಕೊಂಡು ಹೋದೆ. ಮೂರು ಡಬ್ಬಿಯದು. ಅಂಗಡಿಯ ಹೆಂಗಸು ಮೊದಲ ದಿನ ನಕ್ಕಳು. ಎರಡನೇ ವಾರ, ಡಬ್ಬಿ ದುಡ್ಡು ಬೇಡ ಅಂದಳು. ಈಗ ನಮ್ಮ ಆಸ್ಪತ್ರೆಯ ನಾಲ್ಕು ಜನ ಮನೆಯಿಂದ ಡಬ್ಬಿ ತರುತ್ತಾರೆ. ದೊಡ್ಡ ಬದಲಾವಣೆ ಅಂತ ಹೇಳುವುದಿಲ್ಲ, ನಾಲ್ಕೇ ಜನ. ಮರೆತ ದಿನ ನಾನೂ ರಟ್ಟಿನ ಡಬ್ಬಿಯೇ.

ಹಾಳೆಯಣ್ಣ, ನಿಮಗೆ ಒಂದು ಮಾತು. ಇಲ್ಲಿ ಮುಚ್ಚಳ ಇಲ್ಲದ ತಟ್ಟೆ ಕುಕ್‌ಶಾಪ್‌ಗೆ ಬೇಡ. ಪಾರ್ಟಿ, ಚರ್ಚ್ ಊಟಕ್ಕೆ ಬೇಕಾದೀತು.

ಹಾಳೆತಟ್ಟೆ (ಬುಧವಾರ, ರಾತ್ರಿ 10:10)

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ.

ಇವತ್ತು ಮುಚ್ಚಳದ ಪ್ರಯೋಗ ಮಾಡಿದೆವು. ಹಾಳೆ ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮಡಿಸಲು ಬರುವುದಿಲ್ಲ, ಸೀಳುತ್ತದೆ. ಥರ್ಮಾಕೋಲ್ ಡಬ್ಬಿಯ ಹಾಗೆ ಒಂದೇ ತುಂಡಿನಲ್ಲಿ ಆಗದು. ಕೆಳಗೊಂದು, ಮೇಲೊಂದು, ಎರಡು ತುಂಡು ಮಾಡಿ ನೋಡಿದೆವು. ಹಾಳೆಯ ದಪ್ಪ ಒಂದರ ಹಾಗೆ ಒಂದು ಇರುವುದಿಲ್ಲ. ಹತ್ತರಲ್ಲಿ ಆರು ಕೂತವು, ನಾಲ್ಕು ಜಾರಿದವು. ಎರಡು ತುಂಡು ಅಂದರೆ ಹಾಳೆಯೂ ದುಪ್ಪಟ್ಟು, ಬೆಲೆಯೂ ದುಪ್ಪಟ್ಟು.

ಜಮೈಕಾದವರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅಮೆರಿಕದ ವಿಷಯವನ್ನೂ ನಾನೇ ಮೊದಲು ಹೇಳಿದೆ, ತಿಮ್ಮಣ್ಣನಿಗೆ ಸಮಾಧಾನ ಆಗಲಿ. ಪರೀಕ್ಷೆಯ ವರದಿ ಬರುವ ತನಕ ಮಾಲು ಕಳಿಸುವುದಿಲ್ಲ ಅಂತಲೂ ಬರೆದಿದ್ದೇನೆ. ಮೇಷ್ಟ್ರೇ, ಯಾವ ಲ್ಯಾಬಿಗೆ ಏನೇನು ಕೊಡಬೇಕು ಅಂತ ನಿಮಗೆ ಫೋನ್ ಮಾಡುತ್ತೇನೆ. ಹೊಸ ಅಚ್ಚಿನ ಸಾಲ ಸದ್ಯಕ್ಕೆ ಬೇಡ ಅಂತ ಹೆಂಡತಿ ತೀರ್ಮಾನ ಮಾಡಿದ್ದಾಳೆ.

ಕಮಲಕ್ಕಾ, ನಿಮ್ಮ ಆ ಕ್ಯಾರಿಯರ್ ಎಷ್ಟು ದೊಡ್ಡದು? ಒಂದು ಬಾಕ್ಸ್ ಊಟ ಅದರಲ್ಲಿ ಪೂರ್ತಿ ಹಿಡಿಯುತ್ತದಾ? ಸುಮ್ನೆ ಕೇಳಿದೆ.

ಕಿಂಗ್‌ಸ್ಟನ್ ಕಮಲ (ಗುರುವಾರ, ಬೆಳಗಿನ ಜಾವ 4:35)

ಹಿಡಿದು ಒಂದು ಡಬ್ಬಿ ಖಾಲಿ ಉಳಿಯುತ್ತದೆ ಅಣ್ಣಾ, ಅದರಲ್ಲಿ ಹಣ್ಣು ಹಾಕಿಕೊಳ್ಳುತ್ತಿದ್ದೆ. ಅಳತೆ ತೆಗೆಯೋಣ ಅಂದರೆ ಅದು ಈಗ ನನ್ನ ಹತ್ತಿರ ಇಲ್ಲ. ಕುಕ್‌ಶಾಪ್‌ನವಳು ಎಲ್ಲಿ ಸಿಗುತ್ತದೆ ಅಂತ ದಿನಾ ಕೇಳುತ್ತಿದ್ದಳು, ಮೊನ್ನೆ ಅವಳ ಮಗಳ ಹುಟ್ಟುಹಬ್ಬಕ್ಕೆ ಕೊಟ್ಟುಬಿಟ್ಟೆ. ಮೈಸೂರು ಕಡೆಯಿಂದ ಈ ಕಡೆ ಬರುವವರು ಯಾರಾದರೂ ಇದ್ದರೆ ಹೇಳಿ. ಮೂರು ಡಬ್ಬಿಯದೇ ಬೇಕು, ಕ್ಲಿಪ್ ಗಟ್ಟಿ ಇರಬೇಕು.